ಹಗೇವಿಗೆ ಇಳಿಸಿದ ಬಿಸಿಲು

ಕಿಣ್ಣಿ ಸುಲ್ತಾನ ಎಂಬ ಊರಿನ ನಮ್ಮ ಮನೆಯೊಳಗೆ ನಡುಮಧ್ಯಾಹ್ನಕ್ಕೂ ಕಂದೀಲು ಬೇಕಾಗುತ್ತಿತ್ತು. ಗೋಡೆಗಳು ಎಷ್ಟು ದಪ್ಪವೆಂದರೆ, ಹೊಸ್ತಿಲ ಮೇಲೆ ನಾನು ಕಾಲು ಚಾಚಿ ಕೂತರೂ ಬೆನ್ನು ಒಳಗೆ ಹೋಗುತ್ತಿರಲಿಲ್ಲ, ಹಿಮ್ಮಡಿ ಹೊರಗೆ ಬರುತ್ತಿರಲಿಲ್ಲ. ಕಿಟಕಿ ಅನ್ನುವುದೇ ಇರಲಿಲ್ಲ. ಮಣ್ಣಿನ ಮಾಳಿಗೆಯ ನಡುವೆ ಗಡಿಗೆಯ ಬಾಯಿಯಷ್ಟು ಒಂದು ಬೆಳಕಿಂಡಿ. ಅದರಿಂದ ಬಂದ ಬಿಸಿಲು ಬೆಳಿಗ್ಗೆ ಪಡುವಣ ಗೋಡೆಯ ಮೇಲೆ ದುಂಡು ತಟ್ಟೆಯ ಹಾಗೆ ಕಾಣಿಸಿಕೊಂಡು, ಹೊತ್ತು ಏರಿದಂತೆ ಗೋಡೆ ಇಳಿದು ನೆಲಕ್ಕೆ ಬರುತ್ತಿತ್ತು. ದೊಡ್ಡವ್ವನ ಗಡಿಯಾರ ಅದೇ. ತಟ್ಟೆ ಎರಡನೆಯ ಗೂಟದ ಹತ್ತಿರ ಇಳಿದಾಗ ಆಕೆ ಸ್ನಾನ ಮುಗಿಸಿ ಅಂಗೈಯಲ್ಲಿ ಲಿಂಗ ಹಿಡಿದು ಕೂರುತ್ತಿದ್ದಳು. ನೆಲ ಮುಟ್ಟಿದಾಗ ಒಲೆಯ ಮೇಲೆ ಹಂಚು ಏರುತ್ತಿತ್ತು. ಹೊರಗಿನ ಅಂಗಳ ಇದಕ್ಕೆ ತೀರ ಉಲ್ಟಾ. ಹಾಸುಗಲ್ಲು, ಸುಣ್ಣ ಬಳಿದ ಕಟ್ಟೆ. ಬೇಸಿಗೆಯಲ್ಲಿ ಬೆಳಿಗ್ಗೆ ಹತ್ತಕ್ಕೇ ಕಣ್ಣು ಅರ್ಧ ಮುಚ್ಚಿಕೊಂಡು ನಡೆಯಬೇಕು. ಅಲ್ಲಿಂದ ಒಳಗೆ ಬಂದರೆ ಕೆಲಹೊತ್ತು ಏನೂ ಕಾಣದು. ಬಾವಿಯಿಂದ ನೀರು ಹೊತ್ತು ನೇರ ಒಳಗೆ ನುಗ್ಗಿ ನಾನು ಎರಡು ಕೊಡ ಒಡೆದ ಮೇಲೆ ದೊಡ್ಡವ್ವ ನನಗೆ ಹೊಸ್ತಿಲಲ್ಲಿ ನಿಲ್ಲುವುದನ್ನು ಕಲಿಸಿದಳು.

"ಕಣ್ಣು ಬರೂತನಕ ನಿಂದರು ಬೇ. ಕಣ್ಣು ಹೊರಗ ಬಿಟ್ಟು ಕಾಲು ಒಳಗ ಇಡ್ತಿ. ಇನ್ನೆಷ್ಟು ಕೊಡಾ ತರ್ಲಿ ನಾ?"

ಈಗ ನನಗೆ ಐವತ್ತೆಂಟು. ಕಾಲೇಜಿನ ಕೆಲಸ ಬಿಟ್ಟ ಮೇಲೆ ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಹಳೆಯ ಊರುಗಳಿಗೆ ಬಸ್ಸಿನಲ್ಲಿ ಹೋಗಿ ಮನೆಗಳ ಫೋಟೋ ತೆಗೆಯುತ್ತೇನೆ. ಒಬ್ಬಳೇ ಹೋಗುತ್ತೇನೆ. ಆ ಮನೆಗಳೆಲ್ಲ ನಮ್ಮ ಮನೆಯಂಥವೇ: ಅಂಗಳದಲ್ಲಿ ಉರಿಯುವ ಬಿಸಿಲು, ಬಾಗಿಲೊಳಗೆ ಮಸಿಯಂಥ ಕತ್ತಲು, ಕ್ಯಾಮೆರಾಕ್ಕೆ ಎರಡನ್ನೂ ಒಟ್ಟಿಗೆ ಹಿಡಿಯುವುದು ಕಷ್ಟ. ನಾನು ಬಿಸಿಲಿಗೆ ಹೊಂದಿಸಿ, ಕತ್ತಲನ್ನು ಕತ್ತಲಾಗಿಯೇ ಬಿಡುತ್ತೇನೆ. ನನ್ನ ಚಿತ್ರಗಳನ್ನು ನೋಡಿದ ಹುಡುಗರು ಕೇಳುತ್ತಾರೆ, ಒಂದು ಬಿಳಿ ಹಾಳೆ ಹಿಡಿದರೆ ಸಾಕಲ್ಲ ಮೇಡಂ, ಒಳಗಿನವರ ಮುಖಕ್ಕೆ ಬೆಳಕು ಬೀಳುತ್ತದೆ, ಯಾಕೆ ಹಿಡಿಯುವುದಿಲ್ಲ? ನಾನು ಏನೋ ಒಂದು ಹೇಳಿ ಮಾತು ಬದಲಿಸುತ್ತೇನೆ. ನಿಜವಾದ ಉತ್ತರ ಇದು: ಭೀಮಶಾ ಎಂಬವನು ನಮ್ಮ ಕಾಳಿನ ಹಗೇವಿನೊಳಗೆ ಕುಸಿದು ಕೂತದ್ದನ್ನು ಮೊದಲು ನೋಡಿದವಳು ನಾನು. ಆಗ ನನಗೆ ಹನ್ನೊಂದು ವರ್ಷ. ನೋಡಿಯೂ ಕೂಗಲಿಲ್ಲ. ನನ್ನ ಕೈಯಲ್ಲಿ ಕನ್ನಡಿ ಇತ್ತು.

ಅವ್ವ ತೀರಿಕೊಂಡ ಮೇಲೆ ಅಪ್ಪ ನನ್ನನ್ನು ತನ್ನ ಅತ್ತಿಗೆಯಾದ ದೊಡ್ಡವ್ವನ ಹತ್ತಿರ ಬಿಟ್ಟು ಅಫಜಲಪುರದ ನೌಕರಿಗೆ ಮರಳಿದ್ದ. ತಿಂಗಳಿಗೊಮ್ಮೆ ಬರುತ್ತಿದ್ದ. ಕಟ್ಟೆಯ ಮೇಲೆ ಕೂತು, ಶಾಲೆಯಲ್ಲಿ ಎಷ್ಟನೇ ಇಯತ್ತೆ ಅಂತ ಕೇಳುತ್ತಿದ್ದ. ಹೋದ ತಿಂಗಳೂ ಅದನ್ನೇ ಕೇಳಿದ್ದು ಅವನಿಗೆ ನೆನಪಿರುತ್ತಿರಲಿಲ್ಲ. ಸಂಜೆಯ ಬಸ್ಸಿಗೆ ಹೋಗಿಬಿಡುತ್ತಿದ್ದ. ದೊಡ್ಡವ್ವ ಕೆಟ್ಟವಳಲ್ಲ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಹೊಲ, ಎತ್ತು, ಆಳು ಎಲ್ಲವನ್ನೂ ಒಬ್ಬಳೇ ನೋಡಿಕೊಂಡವಳಿಗೆ ಮಕ್ಕಳ ಜೊತೆ ಮಾತಾಡುವ ರೂಢಿ ಇರಲಿಲ್ಲ, ಅಷ್ಟೆ. ನನಗೆ ತಲೆ ಬಾಚುತ್ತಿದ್ದಳು, ಜೋಳದ ರೊಟ್ಟಿಯನ್ನು ನಾನು ಇಷ್ಟಪಡುವ ಹಾಗೆ ತೆಳ್ಳಗೆ ಬಡಿಯುತ್ತಿದ್ದಳು, ಪುಂಡಿಪಲ್ಯದ ಮೇಲೆ ಹಸಿ ಎಣ್ಣೆ ಬಿಡುತ್ತಿದ್ದಳು, ಆದರೆ ಒಲೆಯ ಮುಂದೆ ನಾವಿಬ್ಬರೂ ಕೂತು ಉಣ್ಣುವಾಗ ಕೇಳುತ್ತಿದ್ದದ್ದು ರೊಟ್ಟಿ ಮುರಿಯುವ ಸದ್ದು ಮಾತ್ರ. ಶಾಲೆಯಿಂದ ಬಂದು ಸಂಜೆಯವರೆಗೆ ನಾನು ಯಾರ ಹತ್ತಿರವೂ ಒಂದು ಮಾತಾಡದ ದಿನಗಳಿದ್ದವು. ಅಂಥ ದಿನ ಮಾಳಿಗೆ ಹತ್ತಿ ಬೆಳಕಿಂಡಿಯೊಳಗೆ ತಲೆ ಹಾಕಿ ಒಳಗಿನ ಕತ್ತಲಿಗೆ ನನ್ನ ಹೆಸರನ್ನೇ ಕರೆಯುತ್ತಿದ್ದೆ.

ಮನೆಯ ಮೂರನೆಯ ಜೀವ ಚಂದ್ರಕಾಕಾ. ಅಪ್ಪನ ಕೊನೆಯ ತಮ್ಮ. ಕಲಬುರಗಿಯಲ್ಲಿ ಡಿಗ್ರಿ ಮುಗಿಸಿ ನೌಕರಿಯಿಲ್ಲದೆ, ಒಂದು ಕ್ಯಾಮೆರಾದೊಡನೆ ಊರಿಗೆ ಬಂದಿದ್ದ. ಬಂದ ವಾರದಲ್ಲೇ ಪಡಸಾಲೆಯ ಗೋಡೆಗೆ ಕಿಟಕಿ ಒಡೆಸುತ್ತೇನೆ ಅಂದ. ದೊಡ್ಡವ್ವ ಒಪ್ಪಲಿಲ್ಲ. ಕಿಟಕಿಯಿಂದ ಬೆಳಕು ಬರುವುದಕ್ಕಿಂತ ಮೊದಲು ಸೆಕೆ ಬರುತ್ತದೆ, ಆಮೇಲೆ ನೊಣ, ಆಮೇಲೆ ಊರಿನವರ ಕಣ್ಣು ಎಂದು ಆಕೆಯ ವಾದ. ಆ ಜಗಳ ಎಲ್ಲಿಗೆ ಬಂತೆಂದರೆ ಇಬ್ಬರೂ ಮಾತು ಬಿಟ್ಟರು. ಹತ್ತು ಹೆಜ್ಜೆ ದೂರದಲ್ಲಿ ಕೂತಿರುವವರು ನನ್ನನ್ನು ನಡುವೆ ನಿಲ್ಲಿಸಿಕೊಂಡು ಮಾತಾಡುತ್ತಿದ್ದರು.

"ಮಾದೇವಿ, ನಿಮ್ಮ ಕಾಕಾಗ ಕೇಳು, ಇನ್ನೊಂದು ರೊಟ್ಟಿ ಬೇಕೇನು ಅಂತ."

"ಮಾದೇವಿ, ನಿಮ್ಮ ದೊಡ್ಡವ್ವಗ ಹೇಳು, ರೊಟ್ಟಿ ಬ್ಯಾಡ, ಕಿಟಕಿ ಬೇಕು ಅಂತ."

"ಕಿಟಕ್ಯಾಗ ಕುಂತು ಮಾಡೂದೇನದ ಅಂತ ಕೇಳು. ಹೋಗೋ ಬರೋ ಹೆಣ್ಮಕ್ಕಳನ್ನ ನೋಡ್ಲಾಕೇನು?"

ನಾನು ಎರಡೂ ಕಡೆ ಹೇಳಬೇಕಾಗಿರಲಿಲ್ಲ, ಇಬ್ಬರಿಗೂ ಕೇಳಿಸಿರುತ್ತಿತ್ತು. ಆದರೂ ಹೇಳುತ್ತಿದ್ದೆ. ಇಡೀ ದಿನದಲ್ಲಿ ನನ್ನ ಬಾಯಿಗೆ ಸಿಗುತ್ತಿದ್ದ ಕೆಲಸ ಅದೊಂದೇ.

ಕಾಕಾನಿಗೆ ಹಳೆಯ ಊರುಗಳ ಹುಚ್ಚು. ಭಾನುವಾರ ನನ್ನನ್ನೂ ಕರೆದುಕೊಂಡು ಬಸ್ಸು ಹತ್ತುತ್ತಿದ್ದ. ಅಫಜಲಪುರದ ಕಡೆಯ ನದಿದಂಡೆಯ ಊರುಗಳು, ಜೇವರ್ಗಿ ಕಡೆಯ ಕಲ್ಲಿನ ಮನೆಗಳು, ಕುಸಿದ ಅಗಸಿ ಬಾಗಿಲುಗಳು. ದೊಡ್ಡವ್ವನ ಹಳೆಯ ಕಪಾಟಿನಿಂದ ಕಳಚಿದ ಕನ್ನಡಿಯೊಂದನ್ನು ಗೋಣಿಚೀಲದಲ್ಲಿ ಸುತ್ತಿ ನಾನು ಹೊರಬೇಕು. ಅದರ ಗುಟ್ಟನ್ನು ಅವನು ನನಗೆ ಒಂದು ಹೊಸ್ತಿಲಲ್ಲಿ ನಿಂತು ಹೇಳಿಕೊಟ್ಟ.

"ನೋಡು ತಂಗಿ, ಬಿಸಿಲಿಗೆ ಹೊಂದಿಸಿದ್ರ ಒಳಗಿಂದು ಮಸಿ ಆಗ್ತದ. ಒಳಗಿಂದಕ್ಕ ಹೊಂದಿಸಿದ್ರ ಬಿಸಿಲು ಸುಣ್ಣ ಆಗ್ತದ. ಇಬ್ಬರ ನಡುವ ದೋಸ್ತಿ ಮಾಡಸೂದು ನಿನ್ನ ಕೆಲಸ."

ನಾನು ಅಂಗಳದಲ್ಲಿ ನಿಂತು ಬಿಸಿಲನ್ನು ಕನ್ನಡಿಯಲ್ಲಿ ಹಿಡಿದು ಒಳಗೆ ಕಳಿಸಬೇಕು. ಮೊದಮೊದಲು ಅದು ಗೋಡೆ, ಜಂತಿ, ಗೋಡೆಯೊಳಗಿನ ಮಾಡಗಳ ಮೇಲೆಲ್ಲ ಹುಚ್ಚುಹುಚ್ಚಾಗಿ ಓಡುತ್ತಿತ್ತು. ಆಮೇಲೆ ಕೈ ಪಳಗಿತು. ಅಂದೋಲಾ ಎಂಬ ಊರಲ್ಲಿ ಮಠದ ಓಣಿಯ ಒಂದು ಮನೆಯ ಬಾಗಿಲೊಳಗೆ ಕಾಳು ಆರಿಸುತ್ತಿದ್ದ ಮುದುಕಿಯೊಬ್ಬಳ ಮುಖಕ್ಕೆ ನಾನು ಬೆಳಕು ಬಿಟ್ಟಾಗ ಆಕೆ ಮೊರವನ್ನೇ ಅಡ್ಡ ಹಿಡಿದಳು.

"ಯಾರದು? ಮಾರಿ ಮ್ಯಾಗ ಬಿಸಿಲು ಉಗ್ಗಾಕತ್ತೀರಿ?"

"ಫೋಟೋ ತೆಗಿಯಾಕತ್ತೇನಿ ಆಯಿ. ಹಂಗ ಸುಮ್ಮ ಕೂಡ್ರಿ."

"ನನ್ನ ಗಂಡನ ಸೈತ ಈ ಮಾರಿ ಇಷ್ಟು ಬೆಳಕಿನಾಗ ನೋಡಿಲ್ಲೋ ಭಾಡ್ಯಾ! ನೋಡಿದ್ರ ಅವತ್ತೇ ಓಡಿ ಹೋಗ್ತಿದ್ದ."

ನನಗೆ ನಗು ಬಂತು, ಬೆಳಕು ಅಲುಗಿತು, ಚಿತ್ರ ಕೆಟ್ಟಿತು. ವಾಪಸು ಬಸ್ಸಿನಲ್ಲಿ ಕಾಕಾ ಬೈಯಲಿಲ್ಲ. ಎರಡು ನಿಯಮ ಹೇಳಿದ. ಕನ್ನಡಿ ಹಿಡಿದಾಗ ಅಲುಗಬಾರದು. ಮಾತಾಡಬಾರದು. ನೀನು ಅಲುಗಿದರೆ ಬೆಳಕು ಅಲುಗುತ್ತದೆ, ನೀನು ಮಾತಾಡಿದರೆ ಅವರು ನಿನ್ನ ಕಡೆ ನೋಡುತ್ತಾರೆ. ಅವತ್ತಿನಿಂದ ನಾನು ಕಲ್ಲಿನ ಹಾಗೆ ನಿಲ್ಲುವುದನ್ನು ಅಭ್ಯಾಸ ಮಾಡಿದೆ. ಮೂಗಿನ ಮೇಲೆ ನೊಣ ಕೂತರೂ ಬಿಡುತ್ತಿದ್ದೆ. "ಇಂಥಾ ಕೈ ಕಲಬುರಗಿ ಸ್ಟುಡಿಯೋದಾಗೂ ಇಲ್ಲ ನೋಡು" ಎಂದು ಕಾಕಾ ಒಮ್ಮೆ ಅಂದ. ಆ ಮನೆಗೆ ಬಂದ ಮೇಲೆ ಯಾರಾದರೂ ನನ್ನ ಬಗ್ಗೆ ಆಡಿದ ಮೊದಲ ಒಳ್ಳೆಯ ಮಾತು ಅದು.

ಹಗೇವು ಅಂದರೆ ಜೋಳ ಕೂಡಿಡುವ ನೆಲದೊಳಗಿನ ಕುಣಿ. ನಮ್ಮದು ಅಂಗಳದ ಎತ್ತರದ ಮೂಲೆಯಲ್ಲಿತ್ತು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಮಾತ್ರ, ಒಳಗೆ ಒಂದು ಕೋಣೆಯಷ್ಟು ಅಗಲ. ಕಾಳು ತುಂಬಿ, ಹೊಟ್ಟು ಹೊದಿಸಿ, ಮೇಲೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹುಳ ಬೀಳುವುದಿಲ್ಲ. ಹುಳ ಬದುಕದ ಜಾಗದಲ್ಲಿ ಮನುಷ್ಯನೂ ಬದುಕುವುದಿಲ್ಲ ಎನ್ನುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಅದಕ್ಕೇ ಅದನ್ನು ತೆರೆಯುವುದಕ್ಕೆ ಒಂದು ರೀತಿ ಇತ್ತು. ನಮ್ಮೂರಲ್ಲಿ ಅದನ್ನು ಬಲ್ಲವನು ಭೀಮಶಾ. ಕೆಳಗಿನ ಓಣಿಯವನು, ಮೂವತ್ತರ ಆಸುಪಾಸಿನವನು, ನಗುಮುಖದವನು. ಅವನಿಗೆ ನಮ್ಮ ಮನೆಯಲ್ಲಿ ಚಹಾ ಕೊಡುತ್ತಿದ್ದದ್ದು ಹೊರಗೋಡೆಯ ಮಾಡದಲ್ಲಿ ಬೇರೆ ಇಟ್ಟಿದ್ದ ಕಪ್ಪಿನಲ್ಲಿ. ಅದನ್ನು ಅವನೇ ತೊಳೆದಿಡುತ್ತಿದ್ದ, ನಾನು ಮೇಲಿನಿಂದ ಚಹಾ ಸುರಿಯುತ್ತಿದ್ದೆ. ಆಗ ಅದು ನನಗೆ ಏನೂ ಅನ್ನಿಸುತ್ತಿರಲಿಲ್ಲ ಎಂದು ಬರೆಯಲು ಈಗ ನಾಚಿಕೆಯಾಗುತ್ತದೆ. ಅವನು ಸಂಜೆ ಕಲ್ಲು ಸರಿಸಿ ಹೋಗುತ್ತಿದ್ದ. ಇಡೀ ರಾತ್ರಿ ಹಗೇವು ಉಸಿರು ಬಿಡಬೇಕು. ಮಾರನೆಯ ದಿನ ಬಂದು ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುತ್ತಿದ್ದ. ದೀಪ ಆರಿದರೆ ಯಾರೂ ಇಳಿಯುವಂತಿಲ್ಲ. ತೊಯ್ಸಿದ ಕಂಬಳಿಯನ್ನು ಮೇಲೆ ಕೆಳಗೆ ಆಡಿಸಿ ಗಾಳಿ ಕಲಕಬೇಕು, ಮತ್ತೆ ಕಂದೀಲು ಬಿಡಬೇಕು. ಉರಿದೇ ಉರಿದರೆ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಅದೇ ಕಂದೀಲಿನ ಬೆಳಕಿನಲ್ಲಿ ಇಳಿದು ಕಾಳು ತುಂಬುತ್ತಿದ್ದ. ಒಂದೇ ಕಂದೀಲು ಎರಡು ಕೆಲಸ ಮಾಡುತ್ತಿತ್ತು, ಗಾಳಿ ನೋಡುವುದು ಮತ್ತು ದಾರಿ ತೋರಿಸುವುದು. ತಲೆತಲಾಂತರದಿಂದ ಎರಡೂ ಒಟ್ಟಿಗೇ ನಡೆದು ನಡೆದು, ಅವು ಎರಡು ಎನ್ನುವುದೇ ಜನರಿಗೆ ಮರೆತಂತಾಗಿತ್ತು. ಅವತ್ತು ನಾವು ಮಾಡಿದ ತಪ್ಪು ಅದೇ.

ಆ ದಿನ ದೊಡ್ಡವ್ವ ಮೇಲಿನ ಓಣಿಯಲ್ಲಿ ಯಾರೋ ತೀರಿಕೊಂಡಿದ್ದಾರೆಂದು ಮನೆಯವರನ್ನು ಮಾತಾಡಿಸಲು ಹೋಗಿದ್ದಳು. ಕಲ್ಲು ಸರಿಸಿದ್ದು ಅಂದೇ ಬೆಳಿಗ್ಗೆ. ಸಂಜೆ ಬೀಸಲು ಕಾಳು ಬೇಕಿತ್ತು. ಆದರೂ ನಾಳೆಗೆ ಬಿಟ್ಟರಾಯಿತು ಎಂದು ಭೀಮಶಾ ಅಂದ. ಕಾಕಾ ಕೇಳಲಿಲ್ಲ. ಹಗೇವಿನೊಳಗಿನ ಚಿತ್ರ ಯಾರೂ ತೆಗೆದಿಲ್ಲ, ಇವತ್ತು ಬಿಸಿಲು ನಿಚ್ಚಳವಾಗಿದೆ, ನಾಳೆ ಮೋಡವಾದರೆ? ನಾನು ಹಗೇವಿನ ಬಾಯಿಯ ಅಂಚಿನಲ್ಲಿ ಮಂಡಿಯೂರಿ ಕನ್ನಡಿಯನ್ನು ಮೇಲಿನಿಂದ ಓರೆಯಾಗಿ ಹಿಡಿದೆ. ಬಿಸಿಲು ಕನ್ನಡಿಗೆ ಬಡಿದು ನೇರ ಕೆಳಗೆ ಬಿತ್ತು. ಮೂವರೂ ಬಗ್ಗಿ ನೋಡಿದೆವು. ನಾನು ಎಂದೂ ಕಂಡಿರದ ಜಾಗ ಅದು. ಮಣ್ಣು ಸಾರಿಸಿದ ಗೋಡೆಯ ಮೇಲೆ ಹಿಂದೆಂದೋ ಯಾರೋ ಎಳೆದ ಬೆರಳಿನ ಗುರುತುಗಳು, ಅರ್ಧದವರೆಗೆ ಜೋಳ, ಒಂದೊಂದು ಕಾಳೂ ಬೇರೆಬೇರೆಯಾಗಿ ಮಿಂಚುತ್ತಿತ್ತು.

"ಸಣ್ಣ ಸಾವಕಾರ್ರ, ಕಂದೀಲ ತರಸ್ರಿ."

"ಕಂದೀಲ ಯಾಕೋ? ಸೂರ್ಯನ್ನೇ ಕೆಳಗ ಇಳಿಸೇವಿ ನೋಡು. ಕಂದೀಲ ಹಚ್ಚಿದ್ರ ಫೋಟೋದಾಗ ಹೊಗಿ ಬರ್ತದ."

ಭೀಮಶಾ ಇನ್ನೊಮ್ಮೆ ಬಗ್ಗಿ ನೋಡಿದ. ಅವನ ಮುಖ ನನ್ನ ಮುಖದ ಪಕ್ಕದಲ್ಲೇ ಇತ್ತು. ಈ ಗಳಿಗೆಯನ್ನು ನಾನು ಎಷ್ಟು ಸಲ ತಿರುಗಿ ನೋಡಿದ್ದೇನೋ. ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಆ ಬೆಳಕಿನ ಮುಂದೆ ಅವನು ಸೋತ.

"ಹೌದ್ ಬಿಡ್ರಿ. ನಮ್ಮಜ್ಜ ಇದ್ರ ಇದನ್ನ ನೋಡಿ ಹಗೇವ್ಯಾಗ ಲಗ್ನ ಇಟಗೊಂತಿದ್ದ."

ನಕ್ಕು, ಹಗ್ಗ ಕಟ್ಟಿಕೊಂಡು ಇಳಿದ. ಕೆಳಗೆ ಮುಟ್ಟಿದ ಮೇಲೆ ಚಿತ್ರದಲ್ಲಿ ಹಗ್ಗ ಬೇಡ ಎಂದು ಕಾಕಾ ಕೂಗಿದ. ಭೀಮಶಾ ಅದನ್ನೂ ಬಿಚ್ಚಿದ. ಬುಟ್ಟಿ ಹೆಗಲಿಗಿಟ್ಟು ಮೇಲೆ ನೋಡಿದ. ಕಾಕಾ ಹೊಟ್ಟೆಯ ಮೇಲೆ ಮಲಗಿ ಎರಡು ಫೋಟೋ ತೆಗೆದ, ಅಷ್ಟಕ್ಕೆ ರೀಲು ಮುಗಿಯಿತು. ಬಿಸಿಲಲ್ಲಿ ರೀಲು ಬದಲಿಸಿದರೆ ಕೆಡುತ್ತದೆ. "ಹಂಗ ಇರು, ಕೈ ಅಲುಗಸಬ್ಯಾಡ" ಎಂದು ನನಗೆ ಹೇಳಿ ಅವನು ಬೇವಿನ ಮರದ ನೆರಳಿಗೆ ಹೋದ. ನಮಗೆ ಬೆನ್ನು ಮಾಡಿ ಕುಕ್ಕರುಗಾಲಲ್ಲಿ ಕೂತು ಕ್ಯಾಮೆರಾ ಬಿಚ್ಚಿದ.

ಕೆಳಗೆ ಭೀಮಶಾ ಬುಟ್ಟಿ ಇಳಿಸಿ ಕಾಳು ಸರಿಮಾಡಲು ಬಗ್ಗಿದ. ಎದ್ದ. ಮತ್ತೆ ಬಗ್ಗಿದ. ಎರಡನೆಯ ಸಲ ಏಳಲಿಲ್ಲ, ಕೂತ. ದಣಿದವರು ಕೂರುವ ಹಾಗೆಯೇ, ಗೋಡೆಗೆ ಬೆನ್ನು ಕೊಟ್ಟು. ಬೊಗಸೆಯಲ್ಲಿದ್ದ ಜೋಳ ಬೆರಳುಗಳ ಸಂದಿನಿಂದ ಸುರಿಯತೊಡಗಿತು, ಅವನು ಅದನ್ನು ತಡೆಯಲಿಲ್ಲ. ತಲೆ ಎತ್ತಿ ನನ್ನ ಕಡೆ ನೋಡಿದ, ಬಾಯಿ ಒಂದೆರಡು ಸಲ ಆಡಿತು, ಸದ್ದು ಬರಲಿಲ್ಲ. ಆಮೇಲೆ ತಲೆ ವಾಲಿತು. ಮೊದಲು ನಾನು, ಫೋಟೋಕ್ಕೆ ಹಾಗೆ ಕೂತಿದ್ದಾನೆ ಅಂದುಕೊಂಡೆ. ಆಮೇಲೆ ಅಂದುಕೊಳ್ಳಲಿಲ್ಲ. ಏನೋ ಆಗಿದೆ ಎಂದು ನನಗೆ ತಿಳಿಯಿತು, ತಿಳಿದ ಮೇಲೂ ನಾನು ಹಿಡಿದೇ ಇದ್ದೆ. ಬೆಳಕು ಅವನ ಮುಖದ ಮೇಲೆ, ಕುತ್ತಿಗೆಯ ಮೇಲೆ, ತೆರೆದ ಅಂಗೈಯ ಮೇಲೆ ಸ್ವಲ್ಪವೂ ಅಲುಗದೆ ನಿಂತಿತ್ತು. ಅಷ್ಟು ಚೆನ್ನಾಗಿ ನಾನು ಯಾವತ್ತೂ ಕನ್ನಡಿ ಹಿಡಿದಿರಲಿಲ್ಲ. ಕೂಗಿದರೆ ಆಗಿದ್ದು ನಿಜವಾಗಿಬಿಡುತ್ತದೆ, ಕೂಗದಿದ್ದರೆ ಕಾಕಾ ಬಂದು ಫೋಟೋ ತೆಗೆಯುತ್ತಾನೆ, ಭೀಮಶಾ ಎದ್ದು ಬರುತ್ತಾನೆ. ಇಂಥದೇನೋ ನನ್ನ ತಲೆಯಲ್ಲಿತ್ತು. ಅಥವಾ ಏನೂ ಇರಲಿಲ್ಲ. ಎಷ್ಟು ಹೊತ್ತು? ಒಂದು ರೀಲು ಬದಲಿಸುವಷ್ಟು ಹೊತ್ತು. ದೊಡ್ಡವಳಾದ ಮೇಲೆ ನನ್ನ ಸ್ವಂತ ಕ್ಯಾಮೆರಾದಲ್ಲಿ ಗಡಿಯಾರ ಇಟ್ಟುಕೊಂಡು ನೋಡಿದ್ದೇನೆ. ಪಳಗಿದ ಕೈಗೆ ಒಂದು ನಿಮಿಷ ಸಾಕು. ಬೆವರಿದ ಕೈಗೆ ಎರಡೂ ಆಗಬಹುದು.

ಅಷ್ಟರಲ್ಲಿ ದೊಡ್ಡವ್ವ ಬಾಗಿಲಲ್ಲಿ ಬಂದು ನಿಂತಿದ್ದಳು.

"ಭೀಮಶಾ ಎಲ್ಲಿ?"

ನಾನು ಗದ್ದದಿಂದ ಕೆಳಗೆ ತೋರಿಸಿದೆ.

"ಕಂದೀಲ ಎಲ್ಲಿ?"

ಆಕೆ ಓಡಿ ಬಂದು ಬಗ್ಗಿ ನೋಡಿದವಳೇ ಹಾಕಿದ ಚೀರಾಟಕ್ಕೆ ಬೇವಿನ ಮರದ ಹಕ್ಕಿಗಳೆಲ್ಲ ಎದ್ದವು. ಕಾಕಾ ಕ್ಯಾಮೆರಾ ಬಿಸಾಡಿ ಬಂದು ಹಗೇವಿನೊಳಗೆ ಕಾಲು ಇಳಿಬಿಟ್ಟ. ದೊಡ್ಡವ್ವ ಅವನ ಅಂಗಿಯ ಕಾಲರು ಹಿಡಿದು ಹಿಂದಕ್ಕೆ ಎಳೆದು ಕೆಡವಿದಳು. ವರ್ಷದ ಮೇಲೆ ಆಕೆ ಅವನೊಡನೆ ನೇರವಾಗಿ ಆಡಿದ ಮೊದಲ ಮಾತು ಅದೇ.

"ನೀನೂ ಸಾಯ್ತಿ ಏನಲೇ? ಇಬ್ಬರನ್ನ ಎಳೀಲೇನು ನಾ? ಬಾವಿ ಕಡಿ ಓಡು, ಪಾತಾಳಗರಡಿ ತಾ! ಕಂಬಳಿ ತೊಯಸು!"

ಪಾತಾಳಗರಡಿ ಎಂದರೆ ಬಾವಿಗೆ ಬಿದ್ದ ಕೊಡ ಎತ್ತುವ ಕೊಕ್ಕೆಗಳ ಗೊಂಚಲು. ಕಾಕಾ ಕಂಬಳಿ ಆಡಿಸಿದ, ದೊಡ್ಡವ್ವ ಗರಡಿ ಇಳಿಬಿಟ್ಟಳು. ನಾನು ಕನ್ನಡಿ ಕೆಳಗಿಡಲು ಹೋದೆ.

"ಇಡಬ್ಯಾಡ ಬೇ! ಹಿಡಿ! ಆಂವ ಕಾಣ್ಬೇಕು ನನಗ!"

ನಾನು ಹಿಡಿದೆ. ಮೊದಲ ಸಲ ಕೊಕ್ಕೆ ಬರೀ ಕಾಳು ಕೆದರಿತು. ಎರಡನೆಯ ಸಲ ಗೋಡೆಗೆ ಬಡಿಯಿತು. ಮೂರನೆಯ ಸಲ ಅವನ ಧೋತರದ ಗಂಟಿಗೂ ಪಕ್ಕೆಗೂ ಕೂಡಿ ಸಿಕ್ಕಿತು. ಚೀರಾಟಕ್ಕೆ ಬಂದಿದ್ದ ನಾಲ್ಕು ಗಂಡಸರು ಎಳೆದರು. ಅವನು ಬೆಳಕಿನೊಳಗಿಂದ ಬೆಳಕಿನೊಳಗೇ ಮೇಲೆ ಬಂದ. ತುಟಿ ನೀಲಿಯಾಗಿತ್ತು, ಪಕ್ಕೆಯಿಂದ ರಕ್ತ ಸೋರುತ್ತಿತ್ತು. ದೊಡ್ಡವ್ವ ಅವನನ್ನು ಹಾಸುಗಲ್ಲಿನ ಮೇಲೆ ಮಗ್ಗುಲಾಗಿ ಹೊರಳಿಸಿ ಬೆನ್ನಿಗೆ ಗುದ್ದಿದಳು, ಸೆರಗಿನಿಂದ ಗಾಳಿ ಹಾಕಿದಳು, ಬೈದಳು, ಮತ್ತೆ ಗುದ್ದಿದಳು. ತುಂಬ ಹೊತ್ತಿನ ಮೇಲೆ ಬಾಗಿಲಿನ ಕೀಲು ತಿರುಗಿದಂಥ ಸದ್ದು ಮಾಡಿ ಅವನು ಉಸಿರು ಎಳೆದುಕೊಂಡ. ಮುಟ್ಟಬಾರದವನನ್ನು ಆಕೆ ಮುಟ್ಟಿದ್ದಳು ಎಂದು ಆಮೇಲೆ ಕೆಲವರು ಗುಸುಗುಸು ಮಾಡಿದರು.

ಸೇರಿದ ಜನರ ಮುಂದೆ ಆಕೆ ನನ್ನ ತಲೆಯ ಮೇಲೆ ಕೈಯಿಟ್ಟು ಹೇಳಿದಳು.

"ಈ ಕೂಸು ಕನ್ನಡಿ ಹಿಡೀಲಿಲ್ಲಂದ್ರ ಆಂವ ಇವತ್ತು ಉಳೀತಿದ್ದಿಲ್ರಿ. ಕೈ ನೋಡ್ರಿ, ಒಂದೀಟು ನಡುಗಿಲ್ಲ."

ಎಲ್ಲರೂ ನನ್ನ ಕೈ ನೋಡಿದರು. ಸಂಜೆ ಊಟಕ್ಕೆ ಕೂತಾಗ ದೊಡ್ಡವ್ವ ಮೊದಲ ರೊಟ್ಟಿಗೆ ಬೆಣ್ಣೆ ಹಚ್ಚಿ ನನ್ನ ತಾಟಿಗೆ ಹಾಕಿದಳು. ನಾನು ಎರಡು ತುತ್ತು ತಿಂದ ಮೇಲೆ, ಒಲೆಯ ಕಡೆ ನೋಡುತ್ತಲೇ ಕೇಳಿದಳು.

"ಆಂವ ಕುಂತದ್ದು ನೀ ನೋಡಿದ್ದೇನು?"

"ಇಲ್ಲ. ಬಿಸಿಲಿಗೆ ಕಣ್ಣು ಕುಕ್ಕಿತ್ತು."

ಆಕೆ ಮತ್ತೆ ಕೇಳಲಿಲ್ಲ. ಒಮ್ಮೆ ಹೇಳಿದ ಸುಳ್ಳನ್ನು ಉಳಿಸಿಕೊಳ್ಳಲು ನಾನು ಏನೂ ಮಾಡಬೇಕಾಗಿರಲಿಲ್ಲ, ಊರೇ ಅದನ್ನು ಸಾಕಿತು. ಶಾಲೆಯಲ್ಲಿ ಮಾಸ್ತರರು ನನ್ನನ್ನು ಎದ್ದು ನಿಲ್ಲಿಸಿ ಚಪ್ಪಾಳೆ ಹೊಡೆಸಿದರು. ಅಪ್ಪ ಬಂದವನು ಆ ಸಲ ಇಯತ್ತೆ ಕೇಳಲಿಲ್ಲ, ಕೆನ್ನೆ ಸವರಿದ. ಒಂದು ಮಾತಿಗೂ ಗತಿಯಿಲ್ಲದೆ ಬೆಳೆಯುತ್ತಿದ್ದವಳಿಗೆ ಅಷ್ಟೊಂದು ಮಾತು ಒಮ್ಮೆಲೇ ಬಂದವು. ನಿಜ ಹೇಳಿದರೆ ಅವೆಲ್ಲ ವಾಪಸು ಹೋಗುತ್ತವೆ ಎನ್ನುವುದು ಹನ್ನೊಂದು ವರ್ಷದವಳಿಗೆ ಚೆನ್ನಾಗಿ ತಿಳಿದಿತ್ತು. ಕಾಕಾ ತಿಂಗಳೊಳಗೆ ಸೊಲ್ಲಾಪುರದ ಕಡೆ ಹೊರಟುಹೋದ. ಹೋಗುವಾಗ ದೊಡ್ಡವ್ವನಿಗೆ ಏನಾದರೂ ಹೇಳು ಎಂದು ನನ್ನನ್ನು ಕೇಳಲಿಲ್ಲ. ಆಕೆಯೂ ಏನೂ ಹೇಳಿ ಕಳಿಸಲಿಲ್ಲ.

ಭೀಮಶಾ ಉಳಿದ. ಆದರೆ ಅವನ ಮಾತು ನಿಧಾನವಾಯಿತು, ಎಡಗೈಯ ಎರಡು ಬೆರಳು ಮಡಿಸಿದ್ದು ಬಿಚ್ಚಲಿಲ್ಲ, ಹಗೇವಿನ ಕೆಲಸ ಅಲ್ಲಿಗೆ ನಿಂತಿತು. ಮುಂದಿನ ಮೂರು ಚಳಿಗಾಲ, ಎಳೆಯ ಜೋಳದ ತೆನೆ ಸುಡುವ ದಿನಗಳಲ್ಲಿ, ಅವನು ಒಂದು ಬಟ್ಟೆಯಲ್ಲಿ ಸುಟ್ಟ ಕಾಳಿನ ಸೀತನಿ ಕಟ್ಟಿಕೊಂಡು ಬಂದು ಕಟ್ಟೆಯ ಕೆಳಗೆ ಕೂರುತ್ತಿದ್ದ. ಜೀವ ಉಳಿಸಿದವಳಿಗೆ ತಂದದ್ದು ಎಂದು ದೊಡ್ಡವ್ವ ನನ್ನನ್ನು ಹೊರಗೆ ಕಳಿಸುತ್ತಿದ್ದಳು. ನಾನು ತಿನ್ನುತ್ತಿದ್ದೆ, ಅವನು ನೋಡುತ್ತಿದ್ದ.

"ಮತ್ತ? ಏನ್ ಹೇಳ್ತಿ ತಂಗಿ?"

"ಏನಿಲ್ಲ."

ಅವನು ಇನ್ನೂ ಸ್ವಲ್ಪ ಹೊತ್ತು ಕೂತು ಎದ್ದು ಹೋಗುತ್ತಿದ್ದ.

ನಾಲ್ಕನೆಯ ವರ್ಷ ನನ್ನನ್ನು ಜೇವರ್ಗಿಯ ಹಾಸ್ಟೆಲಿಗೆ ಹಾಕಿದರು. ಆಮೇಲೆ ಕಾಲೇಜು. ಕೂಡಿಟ್ಟ ಕಾಳೂ ಉಸಿರಾಡುತ್ತದೆ, ಅದು ಬಿಡುವ ಗಾಳಿ ಭಾರವಾದದ್ದು, ತಗ್ಗಿನಲ್ಲಿ ಕೆಳಗೇ ಕೂರುತ್ತದೆ ಎಂದು ಪ್ರಾಧ್ಯಾಪಕರು ಪಾಠ ಹೇಳುತ್ತಿದ್ದಾಗ ನಾನು ಎದ್ದು ಹೊರಗೆ ಹೋದೆ. ಮದುವೆಯಾಗಲಿಲ್ಲ. ಅದಕ್ಕೂ ಇದಕ್ಕೂ ಸಂಬಂಧವಿದೆಯೇ ಎಂದು ಕೇಳಿದರೆ ಗೊತ್ತಿಲ್ಲ. ಒಬ್ಬ ಮನುಷ್ಯನ ಹತ್ತಿರ ಕೂತು ಎಲ್ಲವನ್ನೂ ಹೇಳಬೇಕಾದೀತು ಎನ್ನುವ ಭಯವಂತೂ ಇತ್ತು. ಭೀಮಶಾ ಆಳಂದಕ್ಕೆ ಹೋಗಿ ತೊಗರಿಬೇಳೆ ಮಿಲ್ಲಿನಲ್ಲಿ ಕಾವಲು ಕೆಲಸ ಮಾಡಿದನೆಂದೂ, ಅವನ ಮಗಳು ಸುಜಾತಾ ಹೈಸ್ಕೂಲು ಶಿಕ್ಷಕಿಯಾಗಿ ಅಲ್ಲೇ ಮನೆ ಕಟ್ಟಿಸಿದ್ದಾಳೆಂದೂ ಊರಿನವರು ಹೇಳಿದ್ದರು. ಆ ಮನೆ ಬಸ್ ನಿಲ್ದಾಣದಿಂದ ಹತ್ತು ನಿಮಿಷದ ದಾರಿ. ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಆ ನಿಲ್ದಾಣದಲ್ಲಿ ನಾನು ಎಷ್ಟು ಸಲ ಬಸ್ಸು ಬದಲಿಸಿದ್ದೇನೋ. ಮೂರು ವರ್ಷದ ಹಿಂದೆ ಒಂದು ದಿನ ಬಸ್ಸು ತಡವಾಯಿತು, ನಾನು ನಡೆದುಬಿಟ್ಟೆ.

ಸುಜಾತಾ ಬಾಗಿಲು ತೆರೆದಳು. ಹೆಸರು ಹೇಳಿದ ಕೂಡಲೇ ಅವಳ ಮುಖ ಅರಳಿತು.

"ಮಾದೇವಿ ಮೇಡಂ ಏನ್ರಿ? ಕನ್ನಡಿ ಮಾದೇವಿ? ಬರ್ರಿ, ಬರ್ರಿ, ಒಳಗ ಬರ್ರಿ! ಅಪ್ಪಾಗ ಕಿವಿ ಕೇಳಂಗಿಲ್ರಿ, ನನ್ನ ದನಿ ಒಂದ ಕೇಳ್ತದ. ನೀವು ಹೇಳ್ರಿ, ನಾ ಹೇಳ್ತೇನಿ."

ಭೀಮಶಾ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದ. ತುಂಬ ಸಣ್ಣಗಾಗಿದ್ದ. ಸುಜಾತಾ ಕಿವಿಯಲ್ಲಿ ನನ್ನ ಹೆಸರು ಹೇಳಿದ ಮೇಲೆ ಗುರುತು ಹಿಡಿದು ತಲೆ ಆಡಿಸಿದ. ನಾನು ಬಸ್ಸಿನಲ್ಲಿ, ಹಾಸಿಗೆಯಲ್ಲಿ, ಊರೂರಿನ ಹೊಸ್ತಿಲುಗಳಲ್ಲಿ ನಿಂತು ಕಟ್ಟಿಟ್ಟುಕೊಂಡಿದ್ದ ಮಾತುಗಳೆಲ್ಲ ಬೇರೆಯಾಗಿ ಬಂದವು. ಅವರು ಕೂತದ್ದನ್ನು ನಾನು ನೋಡಿದ್ದೆ, ದೊಡ್ಡವ್ವ ಬರುವ ಮೊದಲೇ ನೋಡಿದ್ದೆ, ಕೂಗಲಿಲ್ಲ ಎಂದು ಹೇಳಿದೆ. ಅಷ್ಟೇ ಹೇಳಿದೆ. ಸುಜಾತಾ ನನ್ನ ಮುಖ ನೋಡಿದಳು. ನಗು ಇನ್ನೂ ಪೂರ್ತಿ ಹೋಗಿರಲಿಲ್ಲ. ಆಮೇಲೆ ಅಪ್ಪನ ಕಿವಿಯ ಹತ್ತಿರ ಬಗ್ಗಿ, ನನ್ನ ಮಾತನ್ನು ತನ್ನ ಬಾಯಿಂದ, ಓಣಿಗೆಲ್ಲ ಕೇಳುವಷ್ಟು ಜೋರಾಗಿ ಹೇಳಿದಳು.

"ಅಪ್ಪಾ! ಹಗೇವ್ಯಾಗ ನೀ ಕುಂತಿದ್ದು ಇವರು ಮೊದಲ ನೋಡಿದ್ರಂತ! ಕೂಗಲಿಲ್ಲಂತ!"

ಭೀಮಶಾ ಹೌದೆನ್ನುವ ಹಾಗೆ ಕಣ್ಣು ಮುಚ್ಚಿ ತೆರೆದ. ಮಾತು ಒಂದೊಂದಾಗಿ ಬಂತು.

"ಗೊತ್ತದ. ನಾ ಕುಂತಾಗ ಬೆಳಕು ಒಂದ್ ಸಲ ಅಲುಗಿತು. ಆಮ್ಯಾಲ ನಿಂತಗೊಂತು."

ನನ್ನ ಕೈ ಒಮ್ಮೆಯೂ ಅಲುಗಲಿಲ್ಲ ಎಂದೇ ನಾನು ಇಷ್ಟು ವರ್ಷ ನಂಬಿದ್ದೆ. ನೂರಾರು ಸಲ ತಿರುಗಿಸಿ ನೋಡಿದ ಆ ಗಳಿಗೆಯಲ್ಲಿ ಅದೊಂದು ನನಗೆ ಕಂಡಿರಲೇ ಇಲ್ಲ. ಕೆಳಗೆ ಸಾಯುತ್ತಿದ್ದವನಿಗೆ ಕಂಡಿತ್ತು.

"ನೀ ಹೇಳ್ತಿ ಅಂತ ವರ್ಷಾ ಬರ್ತಿದ್ದೆ," ಅಂದ ಅವನು. "ಕುಂತು ನೋಡ್ತಿದ್ದೆ. ಸಣ್ಣ ಕೂಸು, ಇವತ್ತಿಲ್ಲಂದ್ರ ಮುಂದಿನ ವರ್ಷ ಹೇಳ್ತದ ಅಂತ. ಆಮ್ಯಾಲ ನೀ ಜೇವರ್ಗಿ ಸಾಲಿಗೆ ಹೋದಿ."

ನಾನು ಏನಾದರೂ ಹೇಳುತ್ತೇನೆಂದು ಸುಜಾತಾ ಕಾದಳು, ಅವನ ಕಿವಿಗೆ ದಾಟಿಸಲು. ಭೀಮಶಾ ಮಡಿಸಿದ ಬೆರಳುಗಳ ಕೈಯೆತ್ತಿ, ಇರಲಿ ಎಂದೋ, ಹೋಗು ಎಂದೋ, ಒಮ್ಮೆ ಆಡಿಸಿ ಗೋಡೆಯ ಕಡೆ ಹೊರಳಿದ.

ಸುಜಾತಾ ಗೇಟಿನವರೆಗೆ ಬಂದಳು.

"ಇದನ್ನ ಅಪ್ಪ ನಮಗ ಯಾರಿಗೂ ಹೇಳಿದ್ದಿಲ್ರಿ. ಅವ್ವಗ ಸೈತ ಹೇಳಿದ್ದಿಲ್ಲ. ನಿಮ್ಮ ಹೆಸರು ಬಂದಾಗೆಲ್ಲಾ ಜೀವಾ ಉಳಿಸಿದಾಕಿ ಅಂತಿದ್ದ. ನಾನೂ ನನ್ನ ಮಕ್ಕಳಿಗೆ ಹಂಗ ಹೇಳೇನಿ."

ಅವಳು ಗೇಟಿನ ಚಿಲಕಕ್ಕೆ ಕೈ ಹಾಕಿದಳು.

"ಇನ್ನ ಹಂಗ ಹೇಳಾಕ ಆಗಂಗಿಲ್ರಿ ನನಗ."

"ಹೇಳಬ್ಯಾಡ್ರಿ," ಅಂದೆ.

ಅವಳು ಇನ್ನೊಮ್ಮೆ ಬರ್ರಿ ಎನ್ನಲಿಲ್ಲ. ಗೇಟಿನ ಚಿಲಕ ಬಿದ್ದ ಸದ್ದು ಕೇಳಿಸಿತು. ನಾನು ಬಸ್ ನಿಲ್ದಾಣದ ಕಡೆ ನಡೆದೆ.